ಸೊಂಟವಲ್ಲ, ಅದರ ಕೆಳಗೆ: ಕೂತಲ್ಲೇ ಕಾಡುವ ನೋವಿಗೆ ಮೂರು ಹಾಡಿನ ವ್ಯಾಯಾಮ



ರೇಡಿಯೋದಲ್ಲಿ ಮಾತಾಡುವವರಿಗೆ ಕೆಲವು ಪದಗಳು ಬಾಯಿಗೆ ಬಂದರೂ ಮೈಕಿನ ತನಕ ಬರುವುದಿಲ್ಲ. ನಾವು ದೇಹದ ಯಾವ ಭಾಗದ ಮೇಲೆ ಕೂರುತ್ತೇವೋ ಆ ಭಾಗದ ಹೆಸರು ಅಂಥದ್ದು. ಪುಸ್ತಕದಲ್ಲಿ ಅದು ‘ಪೃಷ್ಠ’, ಕಾವ್ಯದಲ್ಲಿ ‘ನಿತಂಬ’. ಮನೆಯಲ್ಲಿ ಹೇಳುವ ಹೆಸರು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಅಲ್ಲಿ ನೋವು ಬಂತು ಅನ್ನಿ, ನಮ್ಮವರು ನಾಚಿಕೊಂಡು ‘ಸೊಂಟ ನೋವು’ ಅಂದುಬಿಡುತ್ತಾರೆ. ಮನೆಯವರ ಹತ್ತಿರವೂ ಅದೇ ಮಾತು, ಡಾಕ್ಟರ ಹತ್ತಿರವೂ ಅದೇ ಮಾತು.

ಊರಲ್ಲಾದರೆ ಪರವಾಗಿಲ್ಲ, ಕನ್ನಡ ಬಲ್ಲ ಡಾಕ್ಟರು ಎರಡು ಪ್ರಶ್ನೆ ಹೆಚ್ಚಿಗೆ ಕೇಳಿ ತಿಳಿದುಕೊಳ್ಳುತ್ತಾರೆ. ಬೋಡಕ್‌ದೇವ್‌ನ ಮಗನ ಮನೆಗೆ ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ಬಂದ ಅಮ್ಮನ ಕಥೆ ಯೋಚಿಸಿ. ಅಮ್ಮ ಮಗನಿಗೆ ‘ಸೊಂಟ’ ಅನ್ನುತ್ತಾರೆ. ಮಗ ಡಾಕ್ಟರಿಗೆ ‘ಕಮರ್ ಮೇ ದರ್ದ್’ ಅನ್ನುತ್ತಾನೆ. ಡಾಕ್ಟರು ಬೆನ್ನುಮೂಳೆಯ ಕಡೆ ನೋಡುತ್ತಾರೆ. ನೋವಿದ್ದ ಜಾಗ ಅದಕ್ಕಿಂತ ಒಂದು ಗೇಣು ಕೆಳಗೆ!

ಆ ಒಂದು ಗೇಣು ಕೆಳಗಿರುವ ಪುಟ್ಟ ಸ್ನಾಯುವಿನ ಪರಿಚಯ, ಅದು ಬಿಗಿದುಕೊಂಡರೆ ಮಾಡುವ ತರಲೆ, ಅದನ್ನು ಸಡಿಲಿಸುವ ಸುಲಭ ವ್ಯಾಯಾಮ – ಇವು ಈ ಸಲದ ವಿಷಯ.

ಬೇರಿಕಾಯಿ ಆಕಾರದ ಸ್ನಾಯು

ಇದರ ಹೆಸರು ಪಿರಿಫಾರ್ಮಿಸ್. ಲ್ಯಾಟಿನ್ ಭಾಷೆಯಲ್ಲಿ ‘ಪಿರುಮ್’ ಅಂದರೆ ಬೇರಿಕಾಯಿ, ಇಲ್ಲಿನ ಮಾರುಕಟ್ಟೆಯಲ್ಲಿ ‘ನಾಸ್ಪತಿ’ ಅನ್ನುತ್ತಾರಲ್ಲ, ಅದೇ. ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಬೆನ್ನುಮೂಳೆಯ ಬುಡದಲ್ಲಿ ತ್ರಿಕಾಸ್ಥಿ ಎಂಬ ತ್ರಿಕೋನದ ಮೂಳೆ ಇದೆ. ಅದರ ಒಳಮುಖದಿಂದ ಹೊರಟ ಈ ಸ್ನಾಯು ಪೃಷ್ಠದ ಆಳದಲ್ಲಿ ಅಡ್ಡಕ್ಕೆ ಹಾದು, ತೊಡೆಮೂಳೆಯ ಮೇಲ್ತುದಿಯ ಗುಬುಟಿಗೆ ಅಂಟಿಕೊಳ್ಳುತ್ತದೆ. ಪ್ಯಾಂಟಿನ ಪಕ್ಕದ ಜೇಬಿನ ಹತ್ತಿರ ಒತ್ತಿ ನೋಡಿದರೆ ಗಟ್ಟಿಯಾಗಿ ಕೈಗೆ ಸಿಗುವ ಮೂಳೆಯೇ ಆ ಗುಬುಟು.

ನಿಂತಾಗ ತೊಡೆಯನ್ನು ಹೊರಕ್ಕೆ ತಿರುಗಿಸುವುದು ಈ ಸ್ನಾಯುವಿನ ಕೆಲಸ. ಕೂತಾಗ, ಅಂದರೆ ತೊಡೆ ಮುಂದಕ್ಕೆ ಮಡಚಿದಾಗ, ಅದೇ ಸ್ನಾಯು ತೊಡೆಯನ್ನು ಪಕ್ಕಕ್ಕೆ ಸರಿಸುತ್ತದೆ. ಕಾರಿನಿಂದ ಒಂದು ಕಾಲು ಹೊರಗಿಟ್ಟು ಇಳಿಯುತ್ತೀರಲ್ಲ, ಆಗ ದುಡಿಯುವ ಸ್ನಾಯುಗಳಲ್ಲಿ ಇದೂ ಒಂದು.

ಇದರ ಪಾಡಿಗೆ ಇದು ಇದ್ದಿದ್ದರೆ ತೊಂದರೆಯೇನೂ ಇರಲಿಲ್ಲ. ಆದರೆ ದೇಹದ ಅತಿ ದಪ್ಪ ನರವಾದ ಸಯಾಟಿಕ್ ನರ ಇದಕ್ಕೆ ಒತ್ತಿಕೊಂಡೇ ಕಾಲಿಗೆ ಇಳಿಯುತ್ತದೆ. ಹೆಚ್ಚಿನ ಜನರಲ್ಲಿ ನರ ಸ್ನಾಯುವಿನ ಕೆಳಗಿನಿಂದ ಹೊರಬರುತ್ತದೆ. ಕೆಲವರಲ್ಲಿ ನರ ಎರಡಾಗಿ ಸೀಳಿ, ಒಂದು ಭಾಗ ಸ್ನಾಯುವಿನ ನಡುವಿನಿಂದಲೇ ತೂರಿ ಬರುವುದುಂಟು. ಸ್ನಾಯು ಬಿಗಿದರೆ, ಊದಿಕೊಂಡರೆ, ಪಕ್ಕದ ನರಕ್ಕೆ ಕಿರಿಕಿರಿ. ಆಗ ಪೃಷ್ಠದ ಆಳದಲ್ಲಿ ಹಿಂಡಿದಂಥ ನೋವು ಶುರುವಾಗಿ ತೊಡೆಯ ಹಿಂಭಾಗಕ್ಕೆ ಇಳಿಯುತ್ತದೆ. ಇದಕ್ಕೆ ಪಿರಿಫಾರ್ಮಿಸ್ ಸಿಂಡ್ರೋಮ್ ಎಂದು ಹೆಸರು.

ಕಾಲಿಗಿಳಿಯುವ ನೋವಿಗೆ ಈ ಸ್ನಾಯುವೂ ಕಾರಣವಿರಬಹುದು ಎಂದು 1928ರಲ್ಲೇ ಯೋಮನ್ ಎಂಬ ವೈದ್ಯರು ಬರೆದಿದ್ದರು. ಈಗಿನ ಹೆಸರು ಬಂದದ್ದು 1947ರಲ್ಲಿ, ರಾಬಿನ್ಸನ್ ಎಂಬ ವೈದ್ಯರಿಂದ. 1978ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇನ್ನೊಂದು ಮಜವಾದ ಕಾರಣ ಪ್ರಕಟವಾಯಿತು: ಹಿಂದಿನ ಜೇಬಿನಲ್ಲಿ ಕ್ರೆಡಿಟ್ ಕಾರ್ಡು ತುಂಬಿದ ದಪ್ಪ ಪರ್ಸು ಇಟ್ಟುಕೊಂಡು ಕೂರುವವರ ಕಾಲುನೋವು. ಪರ್ಸು ತೆಗೆದಿಟ್ಟು ಕೂತರೆ ಪರಿಹಾರ! ಈಗ ಮೊಬೈಲಿನಲ್ಲೇ ಹಣ ಕೊಡುವ ಕಾಲ. ಪರ್ಸು ತೆಳ್ಳಗಾಗಿದೆ, ಆದರೆ ಎಷ್ಟೋ ಜನರ ಹಿಂದಿನ ಜೇಬಿಗೆ ಮೊಬೈಲೇ ಬಂದು ಕೂತಿದೆ.

ನಮ್ಮ ಊರುಗಳಲ್ಲಿ ಯಾರಿಗೆ ಹೆಚ್ಚು ಕಾಟ?

ಬಹಳ ಹೊತ್ತು ಕೂರುವುದು, ಅಥವಾ ರೂಢಿಯಿಲ್ಲದೆ ಒಮ್ಮೆಲೇ ಸೊಂಟ ತಿರುಗಿಸಿ ಕುಣಿಯುವುದು, ಓಡುವುದು – ಎರಡೂ ಈ ಸ್ನಾಯುವಿಗೆ ಆಗಿಬರುವುದಿಲ್ಲ. ಅಹಮದಾಬಾದಿನ ಎಸ್.ಜಿ. ಹೆದ್ದಾರಿಯ ಆಚೀಚೆ ಆಫೀಸುಗಳಲ್ಲಿ ದಿನಕ್ಕೆ ಎಂಟೊಂಬತ್ತು ತಾಸು ಕುರ್ಚಿ. ಬರುವಾಗ ಹೋಗುವಾಗ ಕಾರಿನ ಸೀಟು. ಸೂರತ್ತಿನಲ್ಲಿ ವಜ್ರ ಉಜ್ಜುವವರು ‘ಘಂಟಿ’ಯ ಸುತ್ತ ಬಗ್ಗಿ ಕೂತೇ ದಿನ ಕಳೆಯುತ್ತಾರೆ, ಬಟ್ಟೆ ಮಾರುಕಟ್ಟೆಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಲೆಕ್ಕ ಬರೆಯುವವರೂ ಇದ್ದಾರೆ. ಮನೆಗೆ ಬಂದರೆ ಗುಜರಾತಿನ ಪ್ರೀತಿಯ ‘ಹಿಂಚಕೊ’, ಅಂದರೆ ತೂಗುಯ್ಯಾಲೆ, ಅದರ ಮೇಲೂ ಒಂದು ಕಾಲು ಮಡಚಿಕೊಂಡೇ ಕೂರುವುದು.

ಹೀಗೆ ವರ್ಷವಿಡೀ ಕೂತು ನವರಾತ್ರಿ ಬಂದಕೂಡಲೇ ಒಂಬತ್ತು ರಾತ್ರಿ ಗರ್ಬಾ. ವಡೋದರಾದ ಮೈದಾನಗಳಲ್ಲಂತೂ ಕೇಳಲೇಬೇಡಿ. ಒಂದೇ ಕಾಲಿನ ಮೇಲೆ ಭಾರ ಹಾಕಿ ತಿರುಗುವುದು, ಬಗ್ಗಿ ಏಳುವುದು, ಮತ್ತೆ ತಿರುಗುವುದು. ಕುಣಿತ ತಪ್ಪಲ್ಲ, ತಯಾರಿ ಇಲ್ಲದ ಕುಣಿತ ತೊಂದರೆ. ನಮ್ಮಂಥವರು ರೈಲಿನಲ್ಲಿ ಬೆಂಗಳೂರಿಗೆ ಹೊರಟರೆ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಸೀಟಿನಲ್ಲೇ. ಇಳಿಯುವ ಹೊತ್ತಿಗೆ ಒಂದು ಕಡೆ ಜೋಮು ಹಿಡಿದಿರುತ್ತದೆ.

ಡಿಸ್ಕಿನ ನೋವೋ, ಸ್ನಾಯುವಿನ ನೋವೋ?

ಕಾಲಿಗೆ ಇಳಿಯುವ ನೋವಿಗೆಲ್ಲ ‘ಸಯಾಟಿಕಾ’ ಎನ್ನುವುದು ರೂಢಿ. ಆಯುರ್ವೇದದವರು ‘ಗೃಧ್ರಸಿ’ ಎನ್ನುತ್ತಾರೆ. ಆದರೆ ಸಯಾಟಿಕಾ ಎಂಬುದು ನೋವಿನ ಹೆಸರು, ಕಾರಣದ ಹೆಸರಲ್ಲ. ಹೆಚ್ಚಾಗಿ ಕಾರಣ ಇರುವುದು ಬೆನ್ನಿನಲ್ಲೇ: ಬೆನ್ನುಮೂಳೆಗಳ ನಡುವಿನ ಡಿಸ್ಕು ಉಬ್ಬಿ ನರದ ಬೇರನ್ನು ಒತ್ತುತ್ತದೆ. ಪಿರಿಫಾರ್ಮಿಸ್ ಅದಕ್ಕಿಂತ ಅಪರೂಪದ ಕಾರಣ. ಎರಡನ್ನೂ ಬೇರ್ಪಡಿಸಿ ಹೇಳುವ ಕೆಲಸ ಡಾಕ್ಟರದ್ದೇ. ಆದರೂ ಹೋಗುವ ಮುಂಚೆ ನೀವೇ ಮೂರು ಪ್ರಶ್ನೆ ಕೇಳಿಕೊಂಡರೆ ಅವರಿಗೂ ಸಹಾಯ.

ಒಂದು: ಒಂದೇ ಬೆರಳಿನಿಂದ ತೋರಿಸಿದರೆ ನೋವಿನ ಮೂಲ ಎಲ್ಲಿ? ಬೆನ್ನಿನ ನಡುಗೆರೆಯಲ್ಲೋ, ಅಥವಾ ಒಂದು ಬದಿಯ ಪೃಷ್ಠದ ನಡುವಿನ ಆಳದಲ್ಲೋ? ಎರಡನೆಯದಾದರೆ ಪಿರಿಫಾರ್ಮಿಸ್ ಮೇಲೆ ಅನುಮಾನ.

ಎರಡು: ಯಾವಾಗ ಹೆಚ್ಚು? ಕೂತ ಇಪ್ಪತ್ತು–ಮೂವತ್ತು ನಿಮಿಷಕ್ಕೆ ಶುರುವಾಗಿ, ಎದ್ದು ನಾಲ್ಕು ಹೆಜ್ಜೆ ನಡೆದರೆ ಇಳಿಯುತ್ತದೆಯೇ? ಇದು ಸ್ನಾಯುವಿನ ಕಡೆ ಬೆರಳು ತೋರಿಸುತ್ತದೆ. ಆದರೆ ಡಿಸ್ಕಿನ ನೋವೂ ಕೂತರೆ ಹೆಚ್ಚಬಹುದು, ಹಾಗಾಗಿ ಇದೊಂದರ ಮೇಲೆ ತೀರ್ಮಾನ ಬೇಡ.

ಮೂರು: ಕೆಮ್ಮಿದಾಗ, ಸೀನಿದಾಗ ಮಿಂಚು ಹೊಡೆದಂತೆ ಕಾಲಿನ ಬೆರಳಿನವರೆಗೆ ಇಳಿಯುತ್ತದೆಯೇ? ಹಾಗಿದ್ದರೆ ಡಿಸ್ಕಿನ ಅನುಮಾನ ಹೆಚ್ಚು.

‘ಎಂ.ಆರ್.ಐ. ಮಾಡಿಸಿದರೆ ಗೊತ್ತಾಗಿಬಿಡುತ್ತಲ್ಲ’ ಎನ್ನಬಹುದು. ಅಷ್ಟು ಸುಲಭವಿಲ್ಲ. ನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಏನೂ ತೊಂದರೆಯಿಲ್ಲದ 20ರ ವಯಸ್ಸಿನವರಲ್ಲಿ ಶೇ. 30 ಮಂದಿಗೆ, 50ರ ವಯಸ್ಸಿನವರಲ್ಲಿ ಶೇ. 60 ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. 80ಕ್ಕೆ ಬಂದರೆ ಶೇ. 84. ಅಂದರೆ ರಿಪೋರ್ಟಿನಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದಿದ್ದರೆ ನೋವು ಅದರದೇ ಎಂದು ಹೇಳಲಾಗದು. ತಲೆ ಕೂದಲು ನರೆತ ಹಾಗೆ ಅದೂ ಎಷ್ಟೋ ಸಲ ವಯಸ್ಸಿನ ಗುರುತು ಅಷ್ಟೆ. ಜಾಗವನ್ನು ಸರಿಯಾಗಿ ಹೇಳದೆ ರಿಪೋರ್ಟು ಮಾತ್ರ ಮುಂದಿಟ್ಟರೆ, ಬೆನ್ನಿಗೆ ಬೆಲ್ಟು ಕಟ್ಟಿಕೊಂಡು, ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಕೆಳಗಿನ ಸ್ನಾಯು ಮಾತ್ರ ಮತ್ತಷ್ಟು ಬಿಗಿದುಕೊಳ್ಳುವ ಅಪಾಯವಿದೆ.

ನೋವಿಗೆ ಸರಿಯಾದ ಮಾತು

ಕನ್ನಡದಲ್ಲಿ ನೋವಿಗೆ ಎಷ್ಟೊಂದು ಪದಗಳಿವೆ ನೋಡಿ! ಚಳುಕು, ಸೆಳೆತ, ಉರಿ, ಜೋಮು, ಮರಗಟ್ಟುವುದು. ಒಂದೊಂದೂ ಬೇರೆ ಅನುಭವ, ಡಾಕ್ಟರಿಗೆ ಒಂದೊಂದೂ ಬೇರೆ ಸುಳಿವು. ಎಲ್ಲವನ್ನೂ ‘ದರ್ದ್’ ಎಂಬ ಒಂದೇ ಡಬ್ಬಿಗೆ ತುಂಬಿದರೆ ಸುಳಿವು ಕಳೆದುಹೋಗುತ್ತದೆ. ಅದಕ್ಕೇ ನಾಲ್ಕು ಗುಜರಾತಿ ಮಾತು ಬರೆದಿಟ್ಟುಕೊಳ್ಳಿ, ಊರಿಂದ ಬಂದ ಹಿರಿಯರಿಗೂ ಹೇಳಿಕೊಡಿ.

ನೋವಿಗೆ ‘ದುಖಾವೊ’. ಉರಿಗೆ ‘ಬಳತರಾ’. ಜುಮುಜುಮು ಅನ್ನುವುದಕ್ಕೆ ‘ಝಣಝಣಾಟಿ’. ಕಾಲು ಜೋಮು ಹಿಡಿದರೆ ‘ಪಗೇ ಖಾಲೀ ಚಢೀ’ – ಇದನ್ನು ಕೇಳಿ ಕಾಲು ಖಾಲಿಯಾಯಿತೇ ಎಂದು ಗಾಬರಿಯಾಗಬೇಡಿ! ಪೂರ್ತಿ ಮರಗಟ್ಟಿದರೆ ‘ಸುನ್ನ್’, ಹಿಂದಿಯಲ್ಲೂ ನಡೆಯುತ್ತದೆ. ಸೊಂಟದ ಕೀಲು, ಅದರ ಹಿಂದಿನ ಭಾಗಕ್ಕೆ ‘ಥಾಪೊ’ ಎನ್ನುತ್ತಾರೆ, ಯಾರೂ ನಗುವುದಿಲ್ಲ. ಮಾತು ನೆನಪಾಗದಿದ್ದರೆ ನಾಚಿಕೆ ಬಿಟ್ಟು ಬೆರಳಿಟ್ಟು ತೋರಿಸಿ.

ಮೊದಲು ಎಚ್ಚರಿಕೆ

ವ್ಯಾಯಾಮಕ್ಕೆ ಮುಂಚೆ ಇದನ್ನು ದಯವಿಟ್ಟು ಓದಿ. ಈ ಲಕ್ಷಣಗಳಿದ್ದರೆ ವ್ಯಾಯಾಮ ಮಾಡುತ್ತಾ ಕೂರಬೇಡಿ:

• ಮೂತ್ರ ಕಟ್ಟಿಕೊಳ್ಳುವುದು, ಅಥವಾ ಮಲಮೂತ್ರದ ಮೇಲೆ ಹಿಡಿತ ತಪ್ಪುವುದು.
• ಸೈಕಲ್ ಸೀಟು ತಾಗುವ ಜಾಗವೆಲ್ಲ ಮರಗಟ್ಟುವುದು.
• ಪಾದ ಎತ್ತಲಾಗದೆ ಚಪ್ಪಲಿ ಎಳೆದುಕೊಂಡು ನಡೆಯುವಂತಾಗುವುದು, ಎರಡೂ ಕಾಲಿಗೆ ನೋವು, ದಿನೇ ದಿನೇ ಶಕ್ತಿ ಕುಂದುವುದು.
• ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಅಥವಾ ವಯಸ್ಸಾದವರು ಬಿದ್ದ ಮೇಲೆ ಶುರುವಾದ ನೋವು.

ಮೊದಲ ಎರಡು ತುರ್ತು ಪರಿಸ್ಥಿತಿ. ಬೆನ್ನುಹುರಿಯ ಕೆಳಗಿನ ನರಗಳ ಗುಚ್ಛ ಒತ್ತಿಹೋಗಿರಬಹುದು, ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ‘ಬೆಳಗ್ಗೆ ನೋಡೋಣ’ ಎನ್ನದೆ 108ಕ್ಕೆ ಕರೆ ಮಾಡಿ.

ಸೊಂಟದ ಕೀಲು ಬದಲಿಸಿಕೊಂಡವರು, ಮೂಳೆ ಸವೆದವರು, ಗರ್ಭಿಣಿಯರು ಫಿಸಿಯೋಥೆರಪಿಸ್ಟನ್ನು ಕೇಳದೆ ಮುಂದಿನ ವ್ಯಾಯಾಮಗಳನ್ನು ಮಾಡಬಾರದು. ಕೀಲು ಬದಲಿಸಿದವರಿಗಂತೂ ಕಾಲನ್ನು ಅಡ್ಡ ಎಳೆಯುವುದರಿಂದ ಕೀಲು ಜಾರುವ ಅಪಾಯವಿದೆ.

ಮೂರು ಹಾಡು, ಮೂರು ವ್ಯಾಯಾಮ

ಲೆಕ್ಕ ಸುಲಭ. ಒಂದು ಎಳೆತವನ್ನು 30 ಸೆಕೆಂಡು ಹಿಡಿಯಬೇಕು. ಒಂದು ಕಾಲಿಗೆ ಮೂರು ಸಲ, ಎರಡೂ ಕಾಲು ಸೇರಿ 3 ನಿಮಿಷ. ನಡುವೆ ಬಿಡುವು ಸೇರಿಸಿದರೆ ಸುಮಾರು 4 ನಿಮಿಷ, ಅಂದರೆ ಒಂದು ಸಿನಿಮಾ ಹಾಡಿನ ಹೊತ್ತು. ರೇಡಿಯೋ ಹಾಕಿಕೊಳ್ಳಿ, ಒಂದು ಹಾಡಿಗೆ ಒಂದು ವ್ಯಾಯಾಮ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೈ ಸ್ವಲ್ಪ ಬೆಚ್ಚಗಿರುವಾಗ, ಅಂದರೆ ಐದು ನಿಮಿಷ ನಡೆದ ಮೇಲೆ ಅಥವಾ ಬಿಸಿನೀರಿನ ಸ್ನಾನವಾದ ಮೇಲೆ ಮಾಡಿದರೆ ಒಳ್ಳೆಯದು.

*ಮೊದಲ ಹಾಡು: ಮಂಡಿಯಿಂದ ಎದುರು ಭುಜಕ್ಕೆ.* ಚಾಪೆಯ ಮೇಲೆ ಅಂಗಾತ ಮಲಗಿ ಎರಡೂ ಮಂಡಿ ಮಡಚಿ. ನೋವು ಬಲಗಡೆ ಎಂದುಕೊಳ್ಳೋಣ. ಬಲ ಮಂಡಿಯನ್ನು ಎರಡೂ ಕೈಯಿಂದ ಹಿಡಿದು ನಿಧಾನವಾಗಿ ಎಡ ಭುಜದ ಕಡೆ ಎಳೆಯಿರಿ. ಮಂಡಿ ಭುಜಕ್ಕೆ ಮುಟ್ಟಬೇಕೆಂದಿಲ್ಲ. ಬೆನ್ನು ನೆಲದ ಮೇಲೆಯೇ ಇರಲಿ. ಬಲ ಪೃಷ್ಠದ ಆಳದಲ್ಲಿ ಎಳೆತ ಗೊತ್ತಾದ ಜಾಗದಲ್ಲೇ ನಿಲ್ಲಿ. ಕೂತಾಗ ಈ ಸ್ನಾಯು ತೊಡೆಯನ್ನು ಪಕ್ಕಕ್ಕೆ ಸರಿಸುತ್ತದೆ ಎಂದೆನಲ್ಲ, ಅದಕ್ಕೆ ಉಲ್ಟಾ ಎಳೆದಾಗ ಅದು ಹಿಗ್ಗುತ್ತದೆ.

*ಎರಡನೇ ಹಾಡು: ನಾಲ್ಕರ ಅಂಕಿ.* ಹಾಗೆಯೇ ಮಲಗಿರಿ. ಬಲಗಾಲಿನ ಗಿಣ್ಣನ್ನು ಎಡ ಮಂಡಿಯ ಸ್ವಲ್ಪ ಮೇಲೆ, ತೊಡೆಯ ಮೇಲಿಡಿ. ಮೇಲಿನಿಂದ ನೋಡಿದರೆ 4ರ ಆಕಾರ (ನಮ್ಮ ಕನ್ನಡದ ೪ ಅಲ್ಲ!). ಈಗ ಎಡ ತೊಡೆಯ ಹಿಂದೆ ಕೈ ಹಾಕಿ ಎದೆಯ ಕಡೆ ಎಳೆದುಕೊಳ್ಳಿ. ಕೈ ಎಟುಕದಿದ್ದರೆ ಒಂದು ಹಳೆಯ ಪಂಚೆ ಅಥವಾ ದುಪಟ್ಟಾ ತೊಡೆಯ ಹಿಂದೆ ಹಾಕಿ ಅದರ ತುದಿ ಹಿಡಿದು ಎಳೆಯಿರಿ. ತಲೆ, ಭುಜ ಎತ್ತಬೇಡಿ.

*ಮೂರನೇ ಹಾಡು: ಕುರ್ಚಿಯಲ್ಲಿ.* ಇದು ಆಫೀಸಿಗೆ, ರೈಲಿಗೆ, ನೆಲಕ್ಕೆ ಕೂರಲಾಗದ ಹಿರಿಯರಿಗೆ. ಗಟ್ಟಿ ಕುರ್ಚಿಯ ತುದಿಗೆ ಕೂತು ಬಲಗಾಲಿನ ಗಿಣ್ಣನ್ನು ಎಡ ಮಂಡಿಯ ಮೇಲಿಡಿ. ಬೆನ್ನು ನೆಟ್ಟಗಿರಲಿ. ಈಗ ದೇವರಿಗೆ ನಮಸ್ಕರಿಸುವವರಂತೆ ಸೊಂಟದ ಕೀಲಿನಿಂದ ಮುಂದಕ್ಕೆ ಬಾಗಿ. ಬೆನ್ನು ಗೂನು ಮಾಡಿ ತಲೆ ಮಾತ್ರ ಬಗ್ಗಿಸಿದರೆ ಪ್ರಯೋಜನವಿಲ್ಲ. ಮಂಡಿಯನ್ನು ಕೈಯಿಂದ ಜೋರಾಗಿ ಕೆಳಕ್ಕೆ ಒತ್ತಬೇಡಿ, ಮಂಡಿಯ ಕೀಲಿಗೆ ಪೆಟ್ಟು.

ಯಾವುದೇ ವ್ಯಾಯಾಮವಿರಲಿ, ಒಂದೇ ನಿಯಮ ನೆನಪಿಡಿ: ಸ್ನಾಯುವಿನಲ್ಲಿ ಎಳೆತ ಸರಿ, ಕಾಲಿನಲ್ಲಿ ಮಿಂಚು ತಪ್ಪು. ಜೋಮು, ಉರಿ, ಚಳುಕು ಕಾಲಿಗೆ ಇಳಿಯಲು ಶುರುವಾದರೆ ನರವನ್ನು ಎಳೆಯುತ್ತಿದ್ದೀರಿ ಎಂದರ್ಥ. ಕೂಡಲೇ ಸಡಿಲಿಸಿ, ಮುಂದಿನ ಸಲ ಅದರ ಅರ್ಧದಷ್ಟೇ ಎಳೆಯಿರಿ. ಆಗಲೂ ಬಂದರೆ ಆ ವ್ಯಾಯಾಮ ಬಿಟ್ಟು ತಜ್ಞರಿಗೆ ತೋರಿಸಿ. ಕುಲುಕಿ ಕುಲುಕಿ ಎಳೆಯಬೇಡಿ, ಉಸಿರು ಕಟ್ಟಬೇಡಿ. ‘ಇನ್ನಷ್ಟು, ಇನ್ನಷ್ಟು’ ಎನ್ನುವ ಹುಮ್ಮಸ್ಸೂ ಬೇಡ.

ಆಸನ ಬಾರದವರಿಗೂ ದಾರಿ ಇದೆ

‘ನನಗೆ ಅಷ್ಟೆಲ್ಲ ಬಗ್ಗೋಕಾಗಲ್ಲ’ ಎನ್ನುವವರಿಗೆ ನಮ್ಮದೇ ನಾಡಿನ ಒಂದು ನೆನಪು. ಮೈಸೂರಿನ ಅರಮನೆಯ ಆಶ್ರಯದಲ್ಲಿ ಯೋಗ ಕಲಿಸಿದ ಟಿ. ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲಿ ಬಂದದ್ದು ಕನ್ನಡದಲ್ಲೇ. ಅವರ ಶಿಷ್ಯರಲ್ಲಿ ಒಬ್ಬರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಚಿಕ್ಕಂದಿನಲ್ಲಿ ಕಾಯಿಲೆಗಳಿಂದ ಸೊರಗಿದ್ದ ಅವರು ಮುಂದೆ ಪುಣೆಯಲ್ಲಿ ನೆಲೆಸಿ, ಬೆಲ್ಟು, ಕುರ್ಚಿ, ಕಂಬಳಿ, ಮರದ ತುಂಡುಗಳ ಸಹಾಯದಿಂದ ಬಗ್ಗದ ಮೈಗೂ ಆಸನ ಕಲಿಸುವ ಪದ್ಧತಿಯನ್ನು ಜಗತ್ತಿಗೆಲ್ಲ ಪರಿಚಯಿಸಿದರು. 2014ರಲ್ಲಿ ತೀರಿಕೊಂಡರು. ಪಂಚೆ ಹಿಡಿದು ಕಾಲೆಳೆಯುವುದು ನಾಚಿಕೆಯ ವಿಷಯ ಅಲ್ಲವೇ ಅಲ್ಲ ಎಂದು ಹೇಳಲು ಇವರನ್ನು ನೆನೆದೆ.

ಯೋಗ ಅಭ್ಯಾಸ ಇರುವವರು ಅರ್ಧ ಮತ್ಸ್ಯೇಂದ್ರಾಸನ, ಗೋಮುಖಾಸನಗಳಲ್ಲಿ ಇದೇ ಸ್ನಾಯು ಹಿಗ್ಗುವುದನ್ನು ಗಮನಿಸಿರಬಹುದು. ಆದರೆ ನೋವು ಜೋರಾಗಿರುವ ದಿನಗಳಲ್ಲಿ ಅವು ಬೇಡ. ಒಂದು ಕಾಲು ಮುಂದೆ ಮಡಚಿ ಇನ್ನೊಂದನ್ನು ಹಿಂದಕ್ಕೆ ಚಾಚುವ ಪಾರಿವಾಳದ ಆಸನವೂ ಬೇಡ, ಮಂಡಿಗೆ ಬಹಳ ಭಾರ.

ಬರೀ ಎಳೆದರೆ ಸಾಲದು

ಪೃಷ್ಠದ ದೊಡ್ಡ ಸ್ನಾಯುಗಳು ಕೂತು ಕೂತು ಸೋಮಾರಿಯಾದರೆ ಅವುಗಳ ಕೆಲಸವೂ ಈ ಪುಟ್ಟ ಸ್ನಾಯುವಿನ ಮೇಲೆ ಬೀಳುತ್ತದೆ. ನೋವು ಸ್ವಲ್ಪ ಇಳಿದ ಮೇಲೆ ಅವನ್ನೂ ಎಬ್ಬಿಸಬೇಕು. ಅಂಗಾತ ಮಲಗಿ, ಮಂಡಿ ಮಡಚಿ, ಪಾದ ಊರಿ ಸೊಂಟ ಮೇಲೆತ್ತಿ ಐದು ಎಣಿಸಿ ಇಳಿಸಿ. ಇನ್ನೊಂದು: ನೋವಿಲ್ಲದ ಮಗ್ಗುಲಿಗೆ ಮಲಗಿ ಎರಡೂ ಮಂಡಿ ಮಡಚಿ, ಪಾದಗಳು ಅಂಟಿಕೊಂಡೇ ಇರಲಿ, ಮೇಲಿನ ಮಂಡಿಯನ್ನು ಮಾತ್ರ ಚಿಪ್ಪು ತೆರೆದ ಹಾಗೆ ಎತ್ತಿ ಇಳಿಸಿ. ಎರಡೂ ಹತ್ತು ಹತ್ತು ಸಲ ಸಾಕು.

ಬಿಸಿನೀರಿನ ಚೀಲದ ಶಾಖ 15 ನಿಮಿಷ ಹಿತ ಕೊಡುತ್ತದೆ. ಚೀಲಕ್ಕೆ ಬಟ್ಟೆ ಸುತ್ತಿ. ಸಕ್ಕರೆ ಕಾಯಿಲೆಯಿಂದ ಅಥವಾ ಈ ನೋವಿನಿಂದಲೇ ಚರ್ಮ ಜಡವಾಗಿರುವವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ, ಎಚ್ಚರ. ನೋವಿನ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ವಾರಗಟ್ಟಲೆ ನುಂಗಬೇಡಿ. ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಕೇಡು.

ಕೂರುವ ರೀತಿಯನ್ನೂ ತಿದ್ದಿಕೊಳ್ಳಿ. ಹಿಂದಿನ ಜೇಬು ಖಾಲಿ ಮಾಡಿ ಕೂರಿ. ಕಾಲ ಮೇಲೆ ಕಾಲು ಹಾಕಿ ಗಂಟೆಗಟ್ಟಲೆ ಕೂರಬೇಡಿ. ಅರ್ಧ ಗಂಟೆಗೊಮ್ಮೆ ಏಳಿ. ಸ್ಟುಡಿಯೋದಲ್ಲಿ ನಾವು ಒಂದು ಹಾಡು ಬಿಟ್ಟು ಅದು ಮುಗಿಯುವವರೆಗೆ ಎದ್ದು ನಿಲ್ಲುವುದುಂಟು, ನೀವು ಫೋನು ಬಂದಾಗ ನಿಂತು ಮಾತಾಡಿ. ರೈಲಿನಲ್ಲಿ ಬೋಗಿಯ ತುದಿಯಿಂದ ತುದಿಗೆ ನಡೆಯಿರಿ. ಗರ್ಬಾಕ್ಕೆ ಹೋಗುವವರು ನವರಾತ್ರಿಗೆ ಒಂದು ತಿಂಗಳು ಮುಂಚೆಯೇ ಈ ವ್ಯಾಯಾಮ ಶುರುಮಾಡಿ.

ಎಲ್ಲಿಗೆ ಹೋಗುವುದು?

ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಗುಣ ಕಾಣುತ್ತದೆ. ಎರಡು ಮೂರು ವಾರ ಬಿಡದೆ ಮಾಡಿದರೂ ಇಳಿಯದಿದ್ದರೆ, ಅಥವಾ ನೋವು ಮಂಡಿಯಿಂದ ಕೆಳಗೆ ಇಳಿಯುತ್ತಾ ಹೋದರೆ, ಮೂಳೆ ತಜ್ಞರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿ. ಖಾಸಗಿ ಕ್ಲಿನಿಕ್ಕು ದುಬಾರಿ ಎನಿಸಿದರೆ, ಅಹಮದಾಬಾದಿನ ಅಸಾರ್ವಾದ ಸಿವಿಲ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ಸ್ಪೈನ್ ಇನ್‌ಸ್ಟಿಟ್ಯೂಟ್ ಇದೆ, ಫಿಸಿಯೋಥೆರಪಿ ಕಾಲೇಜೂ ಇದೆ. ವಡೋದರಾದವರಿಗೆ ಎಸ್.ಎಸ್.ಜಿ. ಆಸ್ಪತ್ರೆ, ಸೂರತ್ತಿನವರಿಗೆ ನ್ಯೂ ಸಿವಿಲ್ ಆಸ್ಪತ್ರೆ. ಬೆಳಗ್ಗೆ ಬೇಗ ಹೋದರೆ ಕಾಯುವುದು ಕಡಿಮೆ.

ಹೋದಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ನೋವು ಯಾವಾಗ ಶುರುವಾಯಿತು, ಎಷ್ಟು ಹೊತ್ತು ಕೂತರೆ ಬರುತ್ತದೆ, ಎಲ್ಲಿಯವರೆಗೆ ಇಳಿಯುತ್ತದೆ, ಜೋಮೋ ಉರಿಯೋ ಚಳುಕೋ. ಅಮ್ಮನನ್ನೋ ಮಾವನವರನ್ನೋ ಕರೆದುಕೊಂಡು ಹೋಗುವವರು, ‘ಸೊಂಟ’ ಎಂದು ನೀವೇ ಅನುವಾದಿಸುವ ಮುಂಚೆ, ಮನೆಯಲ್ಲೇ ಅವರನ್ನು ‘ಎಲ್ಲಿ, ಬೆರಳಿಟ್ಟು ತೋರಿಸಿ’ ಎಂದು ಒಮ್ಮೆ ಕೇಳಿ.

ಆರೋಗ್ಯವಾಗಿರಿ, ಕೇಳುತ್ತಿರಿ. ಈ ಪುಟ ಓದಿ ಮುಗಿಸುವಷ್ಟು ಹೊತ್ತು ಕೂತಿದ್ದೀರಿ, ಈಗ ಒಮ್ಮೆ ಎದ್ದು ನಿಲ್ಲಿ!